ಬಟ್ಟೆ ಮ್ಯಾಲ ಬಿಟ್‌ಕಾಯಿನ್, ಸುತ್ತ ಜಪಾನಿ ಹೊಲಿಗೆ: ಆರ್ಡರ್ ಹಿಡಿಯೋ ಮುಂಚೆ ಇಷ್ಟು ತಿಳ್ಕೊಳ್ಳಿ

ಮಮದಾಪುರ (ಗೋಕಾಕ): ಹೋದ ವಾರ ನಮ್ಮ ಓಣಿಯ ಟೇಲರ್ ಅಕ್ಕ ಒಬ್ಬರು ಮೊಬೈಲ್ ಹಿಡ್ಕೊಂಡು ಬಂದು ಒಂದು ಫೋಟೊ ತೋರಿಸಿದರು. ಅಂಗೈಯಷ್ಟು ಅಗಲದ ಬಟ್ಟೆ ಸಂಚಿ. ನೀಲಿ ಬಟ್ಟೆ, ಅದರ ಮೇಲೆ ಬಿಳಿ ದಾರದಲ್ಲಿ ನಕ್ಷತ್ರದಂಥ ಹೊಲಿಗೆ. ನಡುವೆ ಕಿತ್ತಳೆ ಬಣ್ಣದ ದುಂಡು ತುಂಡು, ಅದರೊಳಗೆ ಓರೆಯಾಗಿ ನಿಂತ ಒಂದು ಇಂಗ್ಲಿಷ್ 'ಬಿ'.

"ಏನ ತಮ್ಮಾ ಇದು? 'ಬಿ' ಅಂತ ಬರದೈತಿ, ಯಾವುದರ ಬ್ಯಾಂಕಿಂದೇನು?" ಅಂದರು.

ಬ್ಯಾಂಕಿನದಲ್ಲ, ಬಿಟ್‌ಕಾಯಿನ್‌ದು. ಅಕ್ಕನ ಸಂಬಂಧಿಕರ ಪರಿಚಯದ ಹುಡುಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಇಂಥ 40 ಸಂಚಿ ಹೊಲಿದುಕೊಡಿ, ಒಂದಕ್ಕೆ 300 ರೂ. ಕೊಡ್ತೀನಿ ಅಂದಿದ್ದಾನಂತೆ. ಒಟ್ಟು 12,000 ರೂ. ಆದರೆ ಒಂದು ಮಾತು ಸೇರಿಸಿದ್ದಾನೆ: ಅರ್ಧ ರೊಕ್ಕ ರೂಪಾಯಿಯಲ್ಲಿ, ಅರ್ಧ 'ಕಾಯಿನ್'ನಲ್ಲಿ. ಆರು ತಿಂಗಳು ಇಟ್ಟರೆ ಕಾಯಿನ್ ಡಬಲ್ ಆಗತೈತಿ ಅಂತ.

ಅಕ್ಕ ಕೇಳಿದ್ದು ಮೂರೇ ಪ್ರಶ್ನೆ. ಇದು ಏನು? ಇದನ್ನು ನಾವು ಹೊಲಿಯಬಹುದಾ, ಯಾರಾದರೂ ಕೇಸ್ ಹಾಕ್ತಾರಾ? ರೊಕ್ಕ ಹೆಂಗ ತಗೋಬೇಕು? ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಮನೆಯಲ್ಲಿ ಹೊಲಿಗೆ ಮಾಡುವವರು, ಸ್ವಸಹಾಯ ಸಂಘದವರು, ಬಟ್ಟೆ ಅಂಗಡಿಯವರು ಬಹಳ ಜನ ಇದ್ದಾರೆ. ನಾಳೆ ಇಂಥ ಆರ್ಡರ್ ಯಾರಿಗಾದರೂ ಬರಬಹುದು. ಅದಕ್ಕೆ ಮೂರಕ್ಕೂ ಉತ್ತರ ಇಲ್ಲಿ ಬರೆದಿದ್ದೇವೆ.

ಮೊದಲು, ಏನಿದು ಸಂಚಿ?

ಬಿಟ್‌ಕಾಯಿನ್ ಕೈಯಲ್ಲಿ ಹಿಡಿಯುವ ನಾಣ್ಯ ಅಲ್ಲ. ಕಂಪ್ಯೂಟರ್ ಜಾಲದಲ್ಲಿ ಎಲ್ಲರ ಹತ್ತಿರ ನಕಲು ಇರುವ ಒಂದು ಖಾತೆ ಪುಸ್ತಕ ಇದೆ ಅಂದುಕೊಳ್ಳಿ. ಯಾರಿಂದ ಯಾರಿಗೆ ಎಷ್ಟು ಹೋಯಿತು ಅನ್ನುವುದು ಅದರಲ್ಲಿ ದಾಖಲಾಗುತ್ತದೆ. ಒಬ್ಬ ಸಾಹುಕಾರನ ಕೈಯಲ್ಲಿ ಪುಸ್ತಕ ಇಲ್ಲದ್ದರಿಂದ ಒಬ್ಬನೇ ಕುಳಿತು ತಿದ್ದಲು ಆಗುವುದಿಲ್ಲ. 2008ರ ಅಕ್ಟೋಬರ್ 31ರಂದು ಇದರ ಬಗ್ಗೆ ಒಂದು ಬರಹ ಹೊರಬಂತು, 2009ರ ಜನವರಿ 3ರಂದು ಜಾಲ ಶುರುವಾಯಿತು. ಒಟ್ಟು 2 ಕೋಟಿ 10 ಲಕ್ಷಕ್ಕಿಂತ ಹೆಚ್ಚು ಬಿಟ್‌ಕಾಯಿನ್ ಹುಟ್ಟುವ ಹಾಗಿಲ್ಲ ಅಂತ ಅದರ ನಿಯಮ.

ಇದನ್ನು ಇಟ್ಟುಕೊಂಡವರಿಗೆ ಒಂದು ತೊಂದರೆ. ತೋರಿಸಲು ಏನೂ ಇಲ್ಲ. ಬಂಗಾರ ಆದರೆ ಕೊರಳಿಗೆ ಹಾಕಬಹುದು, ಹೊಲ ಆದರೆ ಬದುವಿನ ಮೇಲೆ ನಿಲ್ಲಬಹುದು. ಇದು ಬರೀ ಅಂಕಿ. ಅದಕ್ಕೇ ಟೀ ಶರ್ಟ್, ಟೋಪಿ, ಸಂಚಿ ಅಂತ ಅದರ ಚಿತ್ರದ ಸಾಮಾನು ದೇಶ ವಿದೇಶದಲ್ಲಿ ಮಾರಾಟ ಆಗುತ್ತವೆ. ಇನ್ನೊಂದು ನಿಜವಾದ ಉಪಯೋಗವೂ ಇದೆ. ಕೆಲವರು ತಮ್ಮ ಕಾಯಿನ್‌ನ ಗುಟ್ಟಿನ ಕೀಲಿಯನ್ನು ಪೆನ್‌ಡ್ರೈವ್‌ನಂಥ ಸಣ್ಣ ಯಂತ್ರದಲ್ಲಿ ಇಡುತ್ತಾರೆ. ಅದಕ್ಕೆ 'ಹಾರ್ಡ್‌ವೇರ್ ವಾಲೆಟ್' ಅನ್ನುತ್ತಾರೆ. ಆ ಯಂತ್ರಕ್ಕೆ ಗೀರು ಬೀಳದಂತೆ ಒಂದು ಸಣ್ಣ ಸಂಚಿ ಬೇಕು. ನಮ್ಮ ಅಮ್ಮಂದಿರು ಸೊಂಟಕ್ಕೆ ಸಿಕ್ಕಿಸುತ್ತಿದ್ದ ಎಲೆ ಅಡಿಕೆ ಸಂಚಿಯ ಮೊಮ್ಮಗಳು ಅನ್ನಿ.

ಜಪಾನ್ ಯಾಕೆ ಬಂತು?

ಬಿಟ್‌ಕಾಯಿನ್ ಬರಹಕ್ಕೆ ಇದ್ದ ಹೆಸರು ಸತೋಶಿ ನಕಮೋಟೊ, ಜಪಾನಿ ಹೆಸರು. ಆ ವ್ಯಕ್ತಿ ಯಾರು ಅನ್ನುವುದು ಇವತ್ತಿಗೂ ಖಚಿತವಾಗಿಲ್ಲ. ಆದರೆ ಹೆಸರಿನ ನಂಟು ಉಳಿಯಿತು. ಆಮೇಲೆ ಟೋಕಿಯೋದ 'ಮೌಂಟ್ ಗಾಕ್ಸ್' ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಬಿಟ್‌ಕಾಯಿನ್ ಪೇಟೆ ಆಗಿತ್ತು. 2014ರ ಫೆಬ್ರುವರಿಯಲ್ಲಿ ಸುಮಾರು 8.5 ಲಕ್ಷ ಬಿಟ್‌ಕಾಯಿನ್ ಕಾಣೆಯಾಗಿವೆ ಅಂತ ಹೇಳಿ ದಿವಾಳಿ ಎದ್ದಿತು. ಅದರಲ್ಲಿ ಸುಮಾರು 2 ಲಕ್ಷ ಆಮೇಲೆ ಸಿಕ್ಕವು. ರೊಕ್ಕ ಕಳಕೊಂಡವರಿಗೆ ಬಿಟ್‌ಕಾಯಿನ್ ಮರಳಿ ಹಂಚುವುದು ಶುರುವಾಗಿದ್ದು 2024ರಲ್ಲಿ, ಅಂದ್ರೆ ಹತ್ತು ವರ್ಷದ ಮೇಲೆ. ಆ ಪೆಟ್ಟು ತಿಂದ ಮೇಲೆ ಜಪಾನ್ ಕಾನೂನು ಮಾಡಿತು. 2017ರ ಏಪ್ರಿಲ್‌ನಿಂದ ಅಲ್ಲಿ ಇಂಥ ಪೇಟೆ ನಡೆಸುವವರು ಸರ್ಕಾರದಲ್ಲಿ ನೋಂದಣಿ ಮಾಡಿಸಲೇಬೇಕು.

ನಾಯಿ ಚಿತ್ರದ 'ಡೋಜ್‌ಕಾಯಿನ್' ಕೇಳಿರಬಹುದು. 2013ರಲ್ಲಿ ತಮಾಷೆಗೆ ಶುರುವಾಗಿದ್ದು. ಆ ಚಿತ್ರದ ನಾಯಿ ಜಪಾನಿನ ಶಿಬಾ ಇನು ತಳಿಯದು, ಹೆಸರು ಕಬೊಸು, 2024ರ ಮೇ ತಿಂಗಳಲ್ಲಿ ತೀರಿಕೊಂಡಿತು. ಹೀಗೆ ಕಾಯಿನ್ ಲೋಕಕ್ಕೂ ಜಪಾನಿಗೂ ಮೊದಲಿನಿಂದ ನಂಟು. ಅದಕ್ಕೆ ಕಾಯಿನ್ ಚಿತ್ರಕ್ಕೆ ಜಪಾನಿ ಬಟ್ಟೆ ಒಪ್ಪುತ್ತದೆ ಅಂತ ಕೈಕೆಲಸದವರು ಎರಡನ್ನೂ ಕೂಡಿಸಿ ಹೊಲಿಯುತ್ತಾರೆ.

ಆ ನಮೂನೆಗಳ ಹೆಸರು, ಅರ್ಥ

ಅಕ್ಕನ ಫೋಟೊದಲ್ಲಿದ್ದ ನಕ್ಷತ್ರದಂಥ ನಮೂನೆಗೆ 'ಅಸಾನೋಹಾ' ಅನ್ನುತ್ತಾರೆ. ಹೆಂಪ್ ಎಂಬ ನಾರಿನ ಗಿಡದ ಎಲೆ ಅಂತ ಅರ್ಥ. ಆ ಗಿಡ ಬೇಗ, ನೆಟ್ಟಗೆ ಬೆಳೆಯುತ್ತದೆ. ಮಕ್ಕಳೂ ಹಾಗೆ ಬೆಳೆಯಲಿ ಅಂತ ಕೂಸಿನ ಅಂಗಿಗೆ ಹಾಕುವ ರೂಢಿ. ಉಳಿದ ಕೆಲವು:

ಸೇಗೈಹಾ: ಒಂದರ ಮೇಲೊಂದು ಅರ್ಧ ಚಂದ್ರದಂಥ ಗೆರೆಗಳು. ಸಮುದ್ರದ ಅಲೆ.

ಕಿಕ್ಕೋ: ಆರು ಮೂಲೆಯ ಮನೆಗಳು, ಆಮೆ ಚಿಪ್ಪಿನಂತೆ. ದೀರ್ಘಾಯುಷ್ಯದ ಗುರುತು.

ಶಿಪ್ಪೋ: ಒಂದರೊಳಗೊಂದು ಸಿಕ್ಕಿಕೊಂಡ ದುಂಡು ಬಳೆಗಳು. ನಮ್ಮ ಅಂಗಳದ ರಂಗೋಲಿಯಲ್ಲೂ ಇಂಥದ್ದನ್ನು ನೋಡಿರುತ್ತೀರಿ.

ಇಚಿಮಾತ್ಸು: ಚದುರಂಗದ ಹಾಸಿನಂಥ ಚೌಕ. 1700ರ ದಶಕದಲ್ಲಿದ್ದ ಸನೊಗಾವಾ ಇಚಿಮಾತ್ಸು ಎಂಬ ನಾಟಕದ ನಟ ಈ ಚೌಕದ ಉಡುಪು ಹಾಕಿ ಹೆಸರಾದ, ನಮೂನೆಗೂ ಅವನ ಹೆಸರೇ ಬಂತು. ಟೋಕಿಯೋ 2020 ಒಲಿಂಪಿಕ್ಸ್ ಲಾಂಛನದಲ್ಲಿ ಇದ್ದದ್ದೂ ಇದೇ ನಮೂನೆ.

ಇವುಗಳಲ್ಲಿ ಕೆಲವನ್ನು ಬಟ್ಟೆಯ ಮೇಲೆ ಅಚ್ಚು ಹಾಕುತ್ತಾರೆ, ಕೆಲವನ್ನು ದಾರದಲ್ಲಿ ಹೊಲಿಯುತ್ತಾರೆ. ದಾರದ ಕೆಲಸಕ್ಕೆ 'ಸಾಶಿಕೊ' ಅಂತ ಹೆಸರು. ಸಣ್ಣಗೆ ಚುಚ್ಚುವುದು ಅಂತ ಅರ್ಥ. ಇದು ಚೆಂದಕ್ಕೆ ಹುಟ್ಟಿದ್ದಲ್ಲ, ಬಡತನಕ್ಕೆ ಹುಟ್ಟಿದ್ದು. ಜಪಾನಿನ ಉತ್ತರದ ಚಳಿ ಸೀಮೆಯಲ್ಲಿ ಹತ್ತಿ ಬೆಳೆಯುವುದು ಕಷ್ಟ. ರೈತರು, ಮೀನುಗಾರರು ಹಳೆ ಬಟ್ಟೆಯನ್ನು ಪದರ ಪದರ ಇಟ್ಟು, ಬೆಚ್ಚಗಿರಲಿ, ಗಟ್ಟಿ ಇರಲಿ ಅಂತ ಉದ್ದಕ್ಕೂ ಹೊಲಿಗೆ ಹಾಕುತ್ತಿದ್ದರು. ನೀಲಿ ಬಣ್ಣದ ಬಟ್ಟೆ, ಬಿಳಿ ದಾರ. ಅದೇ ಆಮೇಲೆ ಕಲೆ ಆಯಿತು.

ಇದು ನಮಗೆ ಹೊಸದಾ?

ಇಷ್ಟು ಓದಿ ಹೇಳಿದಾಗ ಅಕ್ಕ ನಕ್ಕುಬಿಟ್ಟರು. "ಹಂಗಂದ್ರ ನಮ್ಮ ಕೌದಿನ ಅಲ್ಲೇನೋ ಇದು?"

ಹೌದು, ಹತ್ತಿರ ಹತ್ತಿರ ಅದೇ. ಹಳೆ ಸೀರೆ, ಧೋತರ, ಅಂಗಿ ತುಂಡು ಪದರ ಮಾಡಿ, ಉದ್ದುದ್ದ ಹೊಲಿಗೆ ಹಾಕಿ ಮಾಡುವ ಕೌದಿ ನಮ್ಮ ಪ್ರತಿ ಮನೆಯಲ್ಲಿದೆ. ಅದನ್ನು ಯಾರೂ ಕಲೆ ಅನ್ನಲಿಲ್ಲ, ಹೊದಿಯಲು ಇಟ್ಟುಕೊಂಡೆವು. ಇನ್ನು ಎಳೆ ಎಣಿಸಿ ಹೊಲಿಯುವುದಾದರೆ ನಮಗೆ ಕಸೂತಿ ಇದೆ. ಧಾರವಾಡ, ಬೆಳಗಾವಿ ಸೀಮೆಯ ಕೆಲಸ. ಗವಂತಿ, ಮುರಗಿ, ನೇಯ್ಗಿ, ಮೆಂತೆ ಅಂತ ನಾಲ್ಕು ನಮೂನೆ ಹೊಲಿಗೆ. ಗಂಟು ಹಾಕುವ ಹಾಗಿಲ್ಲ. ಗವಂತಿ ಮತ್ತು ಮುರಗಿ ಹೊಲಿಗೆ ಬಟ್ಟೆಯ ಎರಡೂ ಕಡೆ ಒಂದೇ ಥರ ಕಾಣಬೇಕು. ಗೋಪುರ, ತೇರು, ತುಳಸಿಕಟ್ಟೆ, ನವಿಲು, ಆನೆ ಇವು ಅದರ ಚಿತ್ರ. ಇಳಕಲ್ ಸೀರೆಯ ಸೆರಗಿನ ಮೇಲೆ, ಖಣದ ಮೇಲೆ ನೋಡಿರುತ್ತೀರಿ. ಮದುವೆಯ ಕಪ್ಪು ಚಂದ್ರಕಾಳಿ ಸೀರೆಗೆ ಕಸೂತಿ ಇರಲೇಬೇಕಿತ್ತು.

ಜಪಾನಿನಲ್ಲಿ 'ಫುರೋಶಿಕಿ' ಅಂತ ಇನ್ನೊಂದು ಇದೆ. ಚೌಕ ಬಟ್ಟೆಯಲ್ಲಿ ಸಾಮಾನು ಇಟ್ಟು ಗಂಟು ಕಟ್ಟುವುದು. ರೊಟ್ಟಿ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆದರೆ ಅಲ್ಲಿ 2006ರಲ್ಲಿ ಪರಿಸರ ಸಚಿವೆಯೇ ಪ್ಲಾಸ್ಟಿಕ್ ಚೀಲದ ಬದಲು ಇದನ್ನು ಬಳಸಿ ಅಂತ ಪ್ರಚಾರ ಮಾಡಿದರು. ನಮ್ಮಲ್ಲಿ ಪ್ಲಾಸ್ಟಿಕ್ ಚೀಲ 2016ರಿಂದ ನಿಷೇಧ. ಬುತ್ತಿ ಬಟ್ಟೆಯನ್ನು ಮಾತ್ರ ಯಾರೂ ನೆನಪಿಸಿಕೊಳ್ಳಲಿಲ್ಲ.

ಅಂದ್ರೆ ಕೈಕೆಲಸ ನಮ್ಮ ಹತ್ತಿರ ಮೊದಲೇ ಇದೆ. ನೂಲಿನ ನಂಟೂ ಹೊಸದಲ್ಲ. ಗೋಕಾಕ ಫಾಲ್ಸ್ ಪಕ್ಕದ ಮಿಲ್ 1880ರ ದಶಕದಿಂದ ನೂಲು ತೆಗೆದಿದೆ. ಆರ್ಡರ್ ಬಂದವರು ಹೆದರಬೇಕಿಲ್ಲ, ಕಲಿಯುವುದು ಸ್ವಲ್ಪವೇ. ಬಟ್ಟೆಯನ್ನು ಮೊದಲು ಒಮ್ಮೆ ತೊಳೆದು ಒಣಗಿಸಿ, ಇಲ್ಲಾಂದ್ರೆ ಆಮೇಲೆ ಕುಗ್ಗುತ್ತದೆ. ನೀಲಿ ಬಟ್ಟೆ ಬಣ್ಣ ಬಿಟ್ಟರೆ ಬಿಳಿ ದಾರ ಕೆಡುತ್ತದೆ. ಸೀಸದ ಕಡ್ಡಿಗಿಂತ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ದಾರ ದಪ್ಪ ಹತ್ತಿಯದು ಇರಲಿ. ಮೂಲೆ ತಿರುಗುವಲ್ಲಿ ದಾರ ಬಿಗಿ ಎಳೆಯಬೇಡಿ, ಸ್ವಲ್ಪ ಸಡಿಲ ಬಿಡಿ, ಇಲ್ಲಾಂದ್ರೆ ಬಟ್ಟೆ ಸುಕ್ಕಾಗುತ್ತದೆ.

ಕೇಸ್ ಹಾಕ್ತಾರಾ?

ಇದು ಅಂಗಡಿಯವರೂ ತಿಳಿಯಬೇಕಾದ ಮಾತು.

ಕಿತ್ತಳೆ ದುಂಡಿನೊಳಗೆ ಬಿಳಿ 'ಬಿ' ಇರುವ ಬಿಟ್‌ಕಾಯಿನ್ ಚಿತ್ರ 2010ರಲ್ಲಿ ಬಂದದ್ದು. ಮಾಡಿದವರು ಅದನ್ನು ಎಲ್ಲರ ಬಳಕೆಗೆ ಬಿಟ್ಟುಕೊಟ್ಟಿದ್ದಾರೆ. ಹೊಲಿದು ಮಾರಲು ಚಿತ್ರ ಮಾಡಿದವರ ಅಪ್ಪಣೆ ಬೇಕಿಲ್ಲ. ಆದರೆ ಎಲ್ಲ ಕಾಯಿನ್‌ಗೂ ಹೀಗಲ್ಲ. ಕಾಯಿನ್ ಮಾರುವ ಕಂಪನಿಗಳ, ಆ್ಯಪ್‌ಗಳ ಲೋಗೋ ಆಯಾ ಕಂಪನಿಯ ಆಸ್ತಿ. ಅವನ್ನು ಕೇಳದೆ ಹಾಕಬೇಡಿ.

ಜಪಾನಿನ ಹಳೆ ನಮೂನೆಗಳು ಯಾರ ಸ್ವಂತದ್ದೂ ಅಲ್ಲ. ಇದಕ್ಕೆ ಒಂದು ಒಳ್ಳೆ ಉದಾಹರಣೆ ಇದೆ. 'ಡೀಮನ್ ಸ್ಲೇಯರ್' ಅನ್ನೋ ಜಪಾನಿ ಕಾರ್ಟೂನ್ ನಿಮ್ಮ ಮನೆ ಹುಡುಗರು ನೋಡಿರಬಹುದು. ಅದರ ನಾಯಕ ತಾಂಜಿರೊ ಹಸಿರು ಕಪ್ಪು ಚೌಕದ ಅಂಗಿ ಹಾಕುತ್ತಾನೆ, ತಂಗಿ ನೆಜುಕೊಳ ಉಡುಪಿನಲ್ಲಿ ಅಸಾನೋಹಾ ಇದೆ. ಕಥೆಯ ಪ್ರಕಾಶಕರು 2020ರಲ್ಲಿ ಪಾತ್ರಗಳ ಬಟ್ಟೆ ನಮೂನೆಗಳಿಗೆ ಟ್ರೇಡ್‌ಮಾರ್ಕ್ ಕೇಳಿ ಅರ್ಜಿ ಹಾಕಿದರು. ಇನ್ನೂ ಕೆಲವು ಪಾತ್ರಗಳ ನಮೂನೆಗೆ ಸಿಕ್ಕಿತು. ಆದರೆ ತಾಂಜಿರೊನ ಚೌಕಕ್ಕೆ, ನೆಜುಕೊಳ ಅಸಾನೋಹಾಕ್ಕೆ 2021ರಲ್ಲಿ ಜಪಾನ್ ಪೇಟೆಂಟ್ ಕಚೇರಿ ಕೊಡಲಿಲ್ಲ. ತಲೆಮಾರುಗಳಿಂದ ಎಲ್ಲರೂ ಬಳಸುವ ನಮೂನೆ ಒಬ್ಬರ ಗುರುತಾಗಲು ಆಗುವುದಿಲ್ಲ ಅನ್ನುವುದು ಇದರ ತಾತ್ಪರ್ಯ. ಹಾಗಂತ ಕಾರ್ಟೂನ್ ಪಾತ್ರದ ಮುಖ ಹೊಲಿದರೆ ಅದು ಬೇರೆ ಮಾತು, ಅಲ್ಲಿ ತೊಂದರೆ ಆಗಬಹುದು.

ನಮ್ಮದರ ಬಗ್ಗೆಯೂ ಎಚ್ಚರ ಬೇಕು. ಕಸೂತಿಗೆ, ಇಳಕಲ್ ಸೀರೆಗೆ ಜಿಐ ಟ್ಯಾಗ್ ಇದೆ, ಅಂದ್ರೆ ಆ ಹೆಸರಿಗೆ ಊರಿನ ಹಕ್ಕು. ಮಷಿನ್‌ನಲ್ಲಿ ಎಂಬ್ರಾಯ್ಡರಿ ಮಾಡಿ 'ಅಸಲಿ ಕಸೂತಿ' ಅಂತ ಚೀಟಿ ಹಚ್ಚುವುದು ತಪ್ಪು. ಹಾಗೇ ಅಚ್ಚು ಹಾಕಿದ ಬಟ್ಟೆಗೆ 'ಕೈಯಿಂದ ಹೊಲಿದದ್ದು' ಅಂತಲೂ ಹೇಳಬಾರದು.

ಇನ್ನೊಂದು. ಕಾಯಿನ್ ಚಿತ್ರ ಬೇಡ, 500ರ ನೋಟಿನ ಚಿತ್ರವನ್ನೇ ಹಾಕೋಣ ಅಂತ ಯಾರಾದರೂ ಅಂದರೆ ಬೇಡ ಅನ್ನಿ. ನಿಜವಾದ ನೋಟಿನಂತೆ ಕಾಣುವುದನ್ನು ಮಾಡಿದರೆ, ಹಂಚಿದರೆ ಕಾನೂನಿನಲ್ಲಿ ದಂಡ ಇದೆ. ನಾಲ್ಕು ಸಿಂಹದ ಲಾಂಛನವನ್ನೂ ವ್ಯಾಪಾರದ ಸಾಮಾನಿನ ಮೇಲೆ ಹಾಕುವ ಹಾಗಿಲ್ಲ.

ಈಗ ರೊಕ್ಕದ ಮಾತು

ಬಿಟ್‌ಕಾಯಿನ್ ಚಿತ್ರ ಇರುವ ಸಂಚಿ ಮಾರುವುದು ಬೇರೆ, ಬಿಟ್‌ಕಾಯಿನ್ ತಗೊಳ್ಳುವುದು ಬೇರೆ. ಮಾವಿನ ಚಿತ್ರದ ಸೀರೆ ಮಾರಿದವರು ರೊಕ್ಕದ ಬದಲು ಮಾವಿನಹಣ್ಣು ತಗೊಳ್ಳುವುದಿಲ್ಲ.

ನಮ್ಮ ದೇಶದಲ್ಲಿ ಕ್ರಿಪ್ಟೊ ಇಟ್ಟುಕೊಳ್ಳುವುದು ಅಪರಾಧ ಅಲ್ಲ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್, ಇಂಥ ವ್ಯವಹಾರದವರಿಗೆ ಸೇವೆ ಕೊಡಬೇಡಿ ಅಂತ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆದರೆ ಕ್ರಿಪ್ಟೊ ನಮ್ಮಲ್ಲಿ ಕಾನೂನುಬದ್ಧ ಹಣವೂ ಅಲ್ಲ. ಕಿರಾಣಿ ಅಂಗಡಿಯವರು 'ಇದು ನಡೆಯಂಗಿಲ್ಲ' ಅಂದರೆ ನೀವು ಏನೂ ಹೇಳಲು ಬರುವುದಿಲ್ಲ. ರಿಸರ್ವ್ ಬ್ಯಾಂಕ್ 2022ರ ಡಿಸೆಂಬರ್ 1ರಂದು ಪ್ರಯೋಗಕ್ಕೆ ಬಿಟ್ಟ 'ಡಿಜಿಟಲ್ ರೂಪಾಯಿ' ಬೇರೆ, ಅದು ನಮ್ಮ ರೂಪಾಯಿಯೇ. ಇವೆರಡನ್ನೂ ಕಲಸಿ 'ಸರ್ಕಾರದ್ದೇ ಕಾಯಿನ್' ಅಂತ ಹೇಳುವವರನ್ನು ನಂಬಬೇಡಿ.

ತೆರಿಗೆ ಹೀಗಿದೆ. 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಮಾರಿ ಬಂದ ಲಾಭಕ್ಕೆ ಶೇ. 30 ತೆರಿಗೆ, ಮೇಲೆ ಶೇ. 4 ಸೆಸ್. ನಿಮ್ಮ ವರ್ಷದ ಆದಾಯ ತೆರಿಗೆ ಮಿತಿಗಿಂತ ಕಡಿಮೆ ಇದ್ದರೂ ಈ ಲಾಭಕ್ಕೆ ಬಿಡುವಿಲ್ಲ. ಕೊಂಡ ಬೆಲೆ ಬಿಟ್ಟು ಬೇರೆ ಖರ್ಚು ಕಳೆಯಲು ಬರುವುದಿಲ್ಲ. ನಷ್ಟ ಆದರೆ ಬೇರೆ ಆದಾಯದಲ್ಲಿ ಅದನ್ನು ಕಳೆದುಕೊಳ್ಳಲೂ ಬರುವುದಿಲ್ಲ. 2022ರ ಜುಲೈ 1ರಿಂದ, ವರ್ಷದ ವ್ಯವಹಾರ ಒಂದು ಮಿತಿ ದಾಟಿದರೆ ಶೇ. 1 ಟಿಡಿಎಸ್ ಕೂಡ ಇದೆ.

ಅಕ್ಕನ ಆರ್ಡರ್‌ಗೆ ಇದನ್ನು ಹಚ್ಚಿ ನೋಡೋಣ. ಅರ್ಧ ಅಂದ್ರೆ 6,000 ರೂ. ಬೆಲೆಯ ಕಾಯಿನ್ ಬಂತು ಅನ್ನಿ. ಅದು ಅವತ್ತೇ ಅವರ ದುಡಿಮೆಯ ಆದಾಯ ಅಂತ ಲೆಕ್ಕ. ಆರು ತಿಂಗಳ ಮೇಲೆ 9,000ಕ್ಕೆ ಮಾರಿದರೆ ಲಾಭ 3,000, ತೆರಿಗೆ ಸೆಸ್ ಸೇರಿ 936 ರೂ. ಅದೇ 3,000ಕ್ಕೆ ಇಳಿದರೆ ಹೋದ 3,000 ಹೋಯಿತು, ಅಷ್ಟೇ.

ಇಳಿಯುತ್ತದಾ? 2021ರ ನವೆಂಬರ್‌ನಲ್ಲಿ ಒಂದು ಬಿಟ್‌ಕಾಯಿನ್ ಸುಮಾರು 69,000 ಡಾಲರ್ ಇತ್ತು. ಒಂದೇ ವರ್ಷದಲ್ಲಿ, 2022ರ ನವೆಂಬರ್‌ನಲ್ಲಿ, 16,000 ಡಾಲರ್‌ಗಿಂತ ಕೆಳಗೆ ಬಿತ್ತು. ಆಮೇಲೆ ಮತ್ತೆ ಏರಿತು, ಅದೂ ನಿಜ. ಏರುವುದನ್ನು ಕಾಯಲು ಕೈಯಲ್ಲಿ ಬೇರೆ ರೊಕ್ಕ ಇರಬೇಕು. ಮಕ್ಕಳ ಫೀ ಕಟ್ಟುವ ದಿನ ಕಾಯುವುದಿಲ್ಲ. ಬೆಲೆ ಬಿಡಿ, ಇಟ್ಟ ಜಾಗವೇ ಒಡೆದು ಹೋಗುವುದೂ ಇದೆ. 2024ರ ಜುಲೈನಲ್ಲಿ ನಮ್ಮ ದೇಶದ ವಜೀರ್‌ಎಕ್ಸ್ ಎಂಬ ಪೇಟೆಯಿಂದ 23 ಕೋಟಿ ಡಾಲರ್‌ಗೂ ಹೆಚ್ಚು ಬೆಲೆಯ ಕ್ರಿಪ್ಟೊ ಕಳವಾಯಿತು.

ನನ್ನದೇ ಹೇಳ್ತೀನಿ. ಕಾಲೇಜು ಬಿಟ್ಟ ವರ್ಷ ದೋಸ್ತನ ಮಾತು ಕೇಳಿ ಒಂದು ಆ್ಯಪ್‌ನಲ್ಲಿ 6,500 ರೂ. ಹಾಕಿದ್ದೆ. ಮೊದಲ ತಿಂಗಳು ಪರದೆ ಮೇಲೆ 9,000 ತೋರಿಸಿತು. ತೆಗೆಯಲು ಹೋದರೆ 'ಮೊದಲು ತೆರಿಗೆ 2,000 ಕಟ್ಟಿ' ಅಂತು. ನಾಲ್ಕು ದಿನಕ್ಕೆ ಆ್ಯಪ್ಪೇ ಇರಲಿಲ್ಲ. ಮನೆಯಲ್ಲಿ ಎರಡು ವರ್ಷ ಹೇಳಿರಲಿಲ್ಲ. ಅದಕ್ಕೇ ಅಕ್ಕ ಕೇಳಿದಾಗ ಸುಮ್ಮನಿರಲು ಆಗಲಿಲ್ಲ.

ಒಂದು ಸಂಚಿಗೆ ಎಷ್ಟು ಬೀಳುತ್ತದೆ?

ಅಕ್ಕ ಒಂದು ಸಂಚಿ ಹೊಲಿದು ನೋಡಿದರು. ಇಬ್ಬರೂ ಕೂತು ಲೆಕ್ಕ ಹಾಕಿದೆವು.

ಬಟ್ಟೆ ಮತ್ತು ಅಸ್ತರ: 35 ರೂ.
ದಾರ: 10 ರೂ.
ಚೈನು ಮತ್ತು ಕಿತ್ತಳೆ ತುಂಡು: 25 ರೂ.
ಕರೆಂಟು, ವೇಸ್ಟ್: 10 ರೂ.
ಒಟ್ಟು ಸಾಮಾನು: 80 ರೂ.
ಕೈ ಹೊಲಿಗೆ: 3 ತಾಸು.

40 ಸಂಚಿಗೆ ಸಾಮಾನು 3,200 ರೂ., ಕೆಲಸ 120 ತಾಸು. ಮನೆಕೆಲಸ ಮುಗಿಸಿ ದಿನಕ್ಕೆ 4 ತಾಸು ಕೂತರೆ ಬರೋಬ್ಬರಿ ಒಂದು ತಿಂಗಳು.

ಪೂರ್ತಿ 12,000 ರೂಪಾಯಿಯಲ್ಲೇ ಬಂದರೆ, ಸಾಮಾನು ಕಳೆದು ಉಳಿಯುವುದು 8,800. ತಾಸಿಗೆ 73 ರೂ.

ಅರ್ಧ ಮಾತ್ರ ರೂಪಾಯಿಯಲ್ಲಿ ಬಂದು ಕಾಯಿನ್ ಮುಳುಗಿದರೆ, 6,000ದಲ್ಲಿ ಸಾಮಾನು ಕಳೆದು ಉಳಿಯುವುದು 2,800. ತಾಸಿಗೆ 23 ರೂ.

ಅಕ್ಕ ಆ ಚೀಟಿಯನ್ನು ಬಹಳ ಹೊತ್ತು ನೋಡಿದರು. "ಕಾಯಿನ್ ಅವನ ಆಟ ತಮ್ಮಾ. ಬೆನ್ನು ನೋಯೂದು ನಂದು," ಅಂದರು. ನಾನು ಇಷ್ಟುದ್ದ ಬರೆದದ್ದನ್ನು ಅವರು ಎರಡು ಮಾತಿನಲ್ಲಿ ಹೇಳಿದರು. ಆ ಸಂಚಿಗೆ ಬೆಲೆ ಬಂದಿರುವುದು ಮೂರು ತಾಸಿನ ಹೊಲಿಗೆಯಿಂದ. ನಡುವಿನ 'ಬಿ' ತೆಗೆದು ತುಳಸಿಕಟ್ಟೆ ಹಾಕಿದರೂ ಆ ಮೂರು ತಾಸು ಅಷ್ಟೇ ಇರುತ್ತದೆ. ಕಾಯಿನ್ ಏರಲಿ ಇಳಿಯಲಿ, ಕೂಲಿ ಏರಿಳಿಯಬಾರದು.

ಆರ್ಡರ್ ಹಿಡಿಯುವವರಿಗೆ

ಬೆಲೆ ರೂಪಾಯಿಯಲ್ಲಿ ಮಾತಾಡಿ. ಕಡಿಮೆ ಅಂದರೂ ಸಾಮಾನಿನ ಖರ್ಚು ಹೊರಡುವಷ್ಟು ಮುಂಗಡ ಪಡೆಯಿರಿ, ಅರ್ಧ ಸಿಕ್ಕರೆ ಒಳ್ಳೆಯದು. ವಾಟ್ಸ್‌ಆ್ಯಪ್‌ನಲ್ಲಾದರೂ ಸೈಜು, ಬಣ್ಣ, ಎಷ್ಟು, ಯಾವ ತಾರೀಖಿಗೆ ಅನ್ನುವುದನ್ನು ಬರೆಸಿಕೊಳ್ಳಿ. ಒಂದು ಮಾದರಿ ಹೊಲಿದು ಒಪ್ಪಿಗೆ ತಗೊಂಡ ಮೇಲೆ ಉಳಿದದ್ದು ಶುರು ಮಾಡಿ.

ಮುಂಗಡ ಬರುವಾಗ ಯುಪಿಐ ಪಿನ್ ಹಾಕಬೇಡಿ. ರೊಕ್ಕ ಪಡೆಯಲು ಪಿನ್ ಬೇಕಿಲ್ಲ, ಕೊಡಲು ಮಾತ್ರ ಬೇಕು. ಕ್ಯುಆರ್ ಕಳಿಸಿ 'ಸ್ಕ್ಯಾನ್ ಮಾಡಿ, ರೊಕ್ಕ ಬರತೈತಿ' ಅಂದರೆ ಅದು ಮೋಸ.

ಗಿರಾಕಿ ತನ್ನ 12 ಅಥವಾ 24 ಇಂಗ್ಲಿಷ್ ಪದಗಳನ್ನು ಸಂಚಿಯೊಳಗೆ ಹೊಲಿದುಕೊಡಿ ಅಂದರೆ ಒಪ್ಪಬೇಡಿ. ಅದು ಅವನ ತಿಜೋರಿಯ ಕೀಲಿ ಇದ್ದ ಹಾಗೆ. ನಾಳೆ ಕಳವಾದರೆ ಮೊದಲು ಬೆರಳು ನಿಮ್ಮ ಕಡೆ ತೋರಿಸುತ್ತಾರೆ.

ಸಾಮಾನು ಮಾರುವವರಿಗೆ ನಮ್ಮ ರಾಜ್ಯದಲ್ಲಿ ವರ್ಷದ ವಹಿವಾಟು 40 ಲಕ್ಷ ರೂ. ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೆ ಹೊರ ರಾಜ್ಯಕ್ಕೆ, ಆನ್‌ಲೈನ್ ಪೇಟೆಗೆ ನಿಯಮ ಬೇರೆ, ನಿಮ್ಮ ತೆರಿಗೆ ಸಲಹೆಗಾರರನ್ನು ಒಮ್ಮೆ ಕೇಳಿ. ವಿದೇಶಕ್ಕೆ ಮಾರುವುದಾದರೆ ರಫ್ತು ಕೋಡ್ ಬೇಕು, ಅರ್ಜಿ ಶುಲ್ಕ 500 ರೂ. ಮತ್ತು ಆ ರೊಕ್ಕ ಬ್ಯಾಂಕಿನ ಮೂಲಕವೇ ಬರಬೇಕು, ಕಾಯಿನ್‌ನಲ್ಲಿ ತಗೊಂಡರೆ ಲೆಕ್ಕ ತೋರಿಸುವಾಗ ಸಿಕ್ಕಿಹಾಕಿಕೊಳ್ಳುತ್ತೀರಿ. ಸಣ್ಣ ಪಾರ್ಸೆಲ್ ವಿದೇಶಕ್ಕೆ ಕಳಿಸಲು ಅಂಚೆ ಇಲಾಖೆ 2022ರಿಂದ 'ಡಾಕ್ ಘರ್ ನಿರ್ಯಾತ್ ಕೇಂದ್ರ' ನಡೆಸುತ್ತಿದೆ. ಹತ್ತಿರದ ಕೇಂದ್ರ ಎಲ್ಲಿದೆ ಅಂತ ಅಂಚೆ ಕಚೇರಿಯಲ್ಲಿ ಕೇಳಿ.

'ಡಬಲ್ ಆಗತೈತಿ', 'ಇನ್ನಿಬ್ಬರನ್ನು ಸೇರಿಸಿ', 'ತೆಗೆಯಲು ಮೊದಲು ತೆರಿಗೆ ಕಟ್ಟಿ' ಈ ಮೂರರಲ್ಲಿ ಒಂದು ಕಿವಿಗೆ ಬಿದ್ದರೂ ಎದ್ದು ಬನ್ನಿ. ಈಗಾಗಲೇ ರೊಕ್ಕ ಹೋಗಿದ್ದರೆ ನಾಚಿಕೆ ಪಟ್ಟು ಸುಮ್ಮನೆ ಕೂರಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಹೇಳುತ್ತೀರೋ ಅಷ್ಟು, ರೊಕ್ಕ ಹೋದ ಖಾತೆಯನ್ನು ತಡೆಯುವ ಅವಕಾಶ ಹೆಚ್ಚು. ನಾನು ಫೋನ್ ಮಾಡಿರಲಿಲ್ಲ.

ಅಕ್ಕ ಏನು ಮಾಡಿದರು?

ಹುಡುಗನಿಗೆ ಅವರೇ ಫೋನ್ ಮಾಡಿದರು. "ನೋಡಪಾ, ಚಿತ್ರ ನೀ ಹೇಳಿದ್ದ ಹಾಕ್ತೀನಿ, ರೊಕ್ಕ ನಾ ಹೇಳಿದಂಗ ಕೊಡು" ಅಂದರು. ಅವನು ಸ್ವಲ್ಪ ಹೊತ್ತು ಎಳೆದಾಡಿ ಒಪ್ಪಿದ. 40ರ ಬದಲು 25 ಸಾಕು ಅಂದ. 25ಕ್ಕೆ 7,500 ರೂ. ಆಗುತ್ತದೆ. ಮುಂಗಡ 3,500 ಮೊನ್ನೆ ಸಂಜೆ ಬಂತು. ಅಕ್ಕ ಅದನ್ನು ಹಾಲಿನ ಲೆಕ್ಕದ ವಹಿಯ ಹಿಂದಿನ ಹಾಳೆಯಲ್ಲಿ ಬರೆದಿಟ್ಟು, ಮರುದಿನ ಬಟ್ಟೆ ತರಲು ಗೋಕಾಕಕ್ಕೆ ಹೋದರು.

ಮಾದರಿಗೆ ಹೊಲಿದ ಮೊದಲ ಸಂಚಿಯನ್ನು ಕಳಿಸುವಾಗ ಅದರ ಜೊತೆ ಇನ್ನೊಂದು ಇಟ್ಟಿದ್ದರು, 'ಬಿ' ಇಲ್ಲದ್ದು, ಕಪ್ಪು ಖಣದ ಮೇಲೆ ಗವಂತಿಯಲ್ಲಿ ಹೊಲಿದ ಸಣ್ಣ ಗೋಪುರ. ಇದು ಎಷ್ಟಕ್ಕೆ ಅಂತ ಹುಡುಗ ಕೇಳಿದ್ದಾನೆ. ಅಕ್ಕ ಇನ್ನೂ ಬೆಲೆ ಹೇಳಿಲ್ಲ. ಅದಕ್ಕೆ ಎಷ್ಟು ತಾಸು ಹಿಡಿಯುತ್ತದೆ ಅಂತ ಎಣಿಸುತ್ತಿದ್ದಾರೆ.